ಎಂಆರ್‌ಐ ಫಿಲ್ಮಿನಲ್ಲಿ ಹಣೆಬರಹವಿಲ್ಲ

ಮುಂಬೈಯ ಮರೀನ್ ಲೈನ್ಸ್ ಬಳಿಯ ಬಾಂಬೆ ಆಸ್ಪತ್ರೆಯಲ್ಲಿ ಮತ್ತು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದೇ ರೋಗ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ವೈದ್ಯರ ಗಮನಕ್ಕೆ ಬಂತು. ಹುಟ್ಟಿದ ಮೊದಲ ವರ್ಷದಲ್ಲೇ ತಲೆ ಅಳತೆ ಮೀರಿ ಬೆಳೆಯುವ, ಸ್ಕ್ಯಾನ್ ಮಾಡಿದರೆ ಮೆದುಳಿನ ಬಿಳಿ ಭಾಗವೆಲ್ಲ ಕೆಟ್ಟಿರುವಂತೆ ಕಾಣುವ ಮಕ್ಕಳ ಬಗ್ಗೆ ಡಾ. ಬಿ. ಎಸ್. ಸಿಂಘಾಲ್ ಮತ್ತು ಅವರ ಸಂಗಡಿಗರು 1991ರಲ್ಲಿ ಬರೆದರು, 1996ರಲ್ಲಿ ಇನ್ನಷ್ಟು ವಿವರವಾಗಿ ಬರೆದರು. ಅವರು ಕಂಡ ರೋಗಿಗಳಲ್ಲಿ ಬಹುಪಾಲು ಅಗರ್ವಾಲ್ ಸಮುದಾಯದವರು. ನಡುವೆ 1995ರಲ್ಲಿ ಡಚ್ ವೈದ್ಯೆ ಮಾರ್ಯೋ ವ್ಯಾನ್ ಡರ್ ನಾಪ್ ಎಂಟು ಮಕ್ಕಳ ವಿವರ ಪ್ರಕಟಿಸಿದರು. ಇಂದು ಆ ರೋಗಕ್ಕಿರುವ ಹೆಸರು ಉದ್ದವಾದದ್ದು: ಮೆಗಲೆನ್ಸೆಫಾಲಿಕ್ ಲ್ಯುಕೋಎನ್ಸೆಫಲೋಪತಿ ವಿತ್ ಸಬ್‌ಕಾರ್ಟಿಕಲ್ ಸಿಸ್ಟ್ಸ್. ವೈದ್ಯರು ಚಿಕ್ಕದಾಗಿ ಎಂಎಲ್‌ಸಿ ಎನ್ನುತ್ತಾರೆ. ಆಗ ಮಕ್ಕಳಾಗಿದ್ದವರಲ್ಲಿ ಬದುಕುಳಿದವರು ಈಗ ಮೂವತ್ತು ನಲವತ್ತರ ವಯಸ್ಕರು. ಮಕ್ಕಳ ಕಾಯಿಲೆ ಎಂದೇ ಪಠ್ಯಪುಸ್ತಕಗಳಲ್ಲಿ ದಾಖಲಾದ ಇದು ವಯಸ್ಕರ ಬದುಕಿನ ಪ್ರಶ್ನೆಯೂ ಆಗಿದೆ. ಓದು, ಕೆಲಸ, ಲೋಕಲ್ ಟ್ರೇನಿನ ಓಡಾಟ, ಮನೆಯಲ್ಲಿ ಇನ್ನೊಬ್ಬರ ಮದುವೆ, ಎಲ್ಲಕ್ಕೂ ಇದು ತಾಗುತ್ತದೆ. ಈ ವಯಸ್ಕರ ಎಂಆರ್‌ಐ ಚಿತ್ರವನ್ನು ನಾವು ಓದುತ್ತಿರುವ ರೀತಿ ತಪ್ಪು ಎಂಬುದು ನನ್ನ ವಾದ. ಆ ಚಿತ್ರ ರೋಗ ಯಾವುದೆಂದು ಬಹಳ ಖಚಿತವಾಗಿ ಹೇಳುತ್ತದೆ. ಮುಂದಿರುವ ವ್ಯಕ್ತಿಗೆ ಏನು ಸಾಧ್ಯ, ಇನ್ನು ಎಷ್ಟು ವರ್ಷ ಸಾಧ್ಯ ಎಂಬುದನ್ನು ಅದು ಹೇಳುವುದಿಲ್ಲ. ಆದರೆ ಮನೆಯವರೂ ನೆಂಟರೂ ಎಷ್ಟೋ ಸಲ ವೈದ್ಯರೂ ಈ ಎರಡನೆಯದನ್ನೇ ಅದರಲ್ಲಿ ಓದಲು ಹೋಗುತ್ತಾರೆ.

ಮೊದಲು ಫಿಲ್ಮನ್ನೇ ಹತ್ತಿರದಿಂದ ನೋಡೋಣ. ಲೈಟ್ ಬಾಕ್ಸಿಗೆ ಸಿಕ್ಕಿಸಿದ ಹಾಳೆಯಲ್ಲಿ ಮೆದುಳನ್ನು ಅಡ್ಡಡ್ಡ ಸೀಳಿದಂಥ ಹಲವು ಚೌಕಗಳಿರುತ್ತವೆ. ಟಿ2 ಎಂದು ಕರೆಯುವ ಬಗೆಯ ಚಿತ್ರದಲ್ಲಿ ಆರೋಗ್ಯವಂತ ವಯಸ್ಕರ ಮೆದುಳಿನ ಬಿಳಿ ಭಾಗ ಬೂದು ಕಪ್ಪಾಗಿ ಕಾಣಬೇಕು. ಎಂಎಲ್‌ಸಿ ಇದ್ದವರಲ್ಲಿ ಅದು ಎಡಕ್ಕೂ ಬಲಕ್ಕೂ ಒಂದೇ ಸಮನಾಗಿ ಬೆಳ್ಳಗೆ ಹೊಳೆಯುತ್ತದೆ. ಚಿಕ್ಕ ವಯಸ್ಸಿನಲ್ಲಿ ಆ ಭಾಗ ಊದಿಕೊಂಡು ಮೇಲಿನ ಮಡಿಕೆಗಳನ್ನು ತಲೆಬುರುಡೆಗೆ ಒತ್ತಿ ಚಪ್ಪಟೆ ಮಾಡಿರುತ್ತದೆ. ಫ್ಲೇರ್ ಎಂಬ ಇನ್ನೊಂದು ಬಗೆಯ ಚಿತ್ರಕ್ಕೆ ಬಂದರೆ ಕಿವಿಯ ಮುಂದೆ, ಕಣತಲೆಯ ಒಳಗೆ, ಮೆದುಳಿನ ತುದಿಯಲ್ಲಿ ಕಪ್ಪು ಗುಳಿಗಳಂತೆ ನೀರ್ಗುಳ್ಳೆಗಳು ಕಾಣುತ್ತವೆ. ಹಣೆಯ ಹಿಂದೆ ಮತ್ತು ನೆತ್ತಿಯ ಕೆಳಗೂ ಇರಬಹುದು. ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕಲೋಸಮ್, ಮೆದುಳ ಕಾಂಡ, ಒಳಗಿನ ಗಂಟುಗಳು ತಕ್ಕಮಟ್ಟಿಗೆ ಉಳಿದುಕೊಂಡಿರುತ್ತವೆ. ದೊಡ್ಡ ತಲೆ ತರುವ ಬಿಳಿ ಭಾಗದ ರೋಗಗಳು ಇನ್ನೂ ಇವೆ. ಅಲೆಕ್ಸಾಂಡರ್ ರೋಗದಲ್ಲಿ ಹಾನಿ ಹಣೆಯ ಕಡೆಗೆ ಹೆಚ್ಚು, ಕ್ಯಾನವಾನ್ ರೋಗದಲ್ಲಿ ಒಂದು ರಾಸಾಯನಿಕ ಮಿತಿಮೀರಿರುತ್ತದೆ. ಹೀಗೆ ಒಂದೊಂದಕ್ಕೂ ತನ್ನದೇ ಗುರುತು ಉಂಟು. ಎಂಎಲ್‌ಸಿಯ ಗುರುತು ಎಷ್ಟು ಸ್ಪಷ್ಟವೆಂದರೆ, ಅನುಭವಿ ರೇಡಿಯಾಲಜಿಸ್ಟ್ ಒಬ್ಬರು ರೋಗಿಯ ಮುಖ ನೋಡದೆ ಫಿಲ್ಮಿನಿಂದಲೇ ರೋಗದ ಹೆಸರು ಹೇಳಬಲ್ಲರು. ನನ್ನ ತಕರಾರು ಈ ಖಚಿತತೆಯ ಬಗ್ಗೆ ಅಲ್ಲ. ಹೆಸರು ಇಷ್ಟು ಖಚಿತವಾಗಿ ಸಿಕ್ಕಮೇಲೆ ಮುಂದಿನದೂ ಅಷ್ಟೇ ಖಚಿತವಾಗಿ ಸಿಕ್ಕಿತೆಂದು ಭಾವಿಸಿಬಿಡುವುದರ ಬಗ್ಗೆ.

ಇಂಥ ಚಿತ್ರ ನೋಡಿದ ಯಾರಾದರೂ ಈ ವ್ಯಕ್ತಿ ಹಾಸಿಗೆ ಹಿಡಿದಿರಬೇಕು, ಮಾತು ನಿಂತಿರಬೇಕು ಎಂದುಕೊಳ್ಳುತ್ತಾರೆ. ಆದರೆ ಬಾಗಿಲು ತೆರೆದುಕೊಂಡು ನಡೆದೇ ಒಳಗೆ ಬರುವವರಿದ್ದಾರೆ. ನಡಿಗೆ ಸ್ವಲ್ಪ ವಾಲಬಹುದು, ಕಾಲು ಬಿಗಿದಿರಬಹುದು, ಮಾತು ತಡವರಿಸಬಹುದು. ಆದರೂ ಶಾಲೆ ಮುಗಿಸಿ ಮನೆಯ ಅಂಗಡಿಯ ಲೆಕ್ಕ ನೋಡಿಕೊಳ್ಳುವ ಮಟ್ಟಕ್ಕೆ ಬಂದವರು ಇರುತ್ತಾರೆ. 1995ರ ಆ ಡಚ್ ಲೇಖನದ ಶೀರ್ಷಿಕೆಯಲ್ಲೇ, ಚಿತ್ರದ ತೀವ್ರತೆಗೆ ಹೋಲಿಸಿದರೆ ರೋಗದ ಹಾದಿ ಹೊಂದಾಣಿಕೆಯಿಲ್ಲದಷ್ಟು ಸೌಮ್ಯ ಎಂಬ ಮಾತು ಸೇರಿದೆ. ಮುಂಬೈಯ ವೈದ್ಯರೂ ಇದನ್ನೇ ಕಂಡರು. ಹಾಗೆಂದು ರೋಗವನ್ನು ಹಗುರ ಮಾಡಬಾರದು. ಮಗು ನಡೆಯಲು ಕಲಿಯುತ್ತದೆ, ಕೆಲವರು ತುಸು ತಡವಾಗಿ. ಆಮೇಲೆ ವರ್ಷಗಳ ಅಂತರದಲ್ಲಿ ಸಮತೋಲ ತಪ್ಪುತ್ತಾ ಹೋಗುತ್ತದೆ. ಅನೇಕರು ಹದಿಹರೆಯದಲ್ಲೇ ವ್ಹೀಲ್‌ಚೇರ್ ಹಿಡಿಯುತ್ತಾರೆ, ಬಹಳಷ್ಟು ಜನರಿಗೆ ಫಿಟ್ಸ್ ಬರುತ್ತದೆ. ಕಾಲಿನಷ್ಟು ಬೇಗ ಬುದ್ಧಿ ಕುಂದುವುದಿಲ್ಲ. ಕೆಲವರು ಇಪ್ಪತ್ತರೊಳಗೆ ತೀರಿಕೊಂಡಿದ್ದಾರೆ, ಕೆಲವರು ನಲವತ್ತು ದಾಟಿದ್ದಾರೆ. ಇಷ್ಟು ಅಗಲವಾದ ಹರವನ್ನು ಒಂದೇ ಬಗೆಯ ಬಿಳುಪಿನಿಂದ ಅಳೆಯುವುದು ಹೇಗೆ?

ಅಳೆಯಲಾಗದೆ ಇರುವುದಕ್ಕೆ ಕಾರಣ ಯಂತ್ರದ ಸ್ವಭಾವದಲ್ಲೇ ಇದೆ. ಎಂಆರ್‌ಐ ಮುಖ್ಯವಾಗಿ ನೀರನ್ನು ನೋಡುತ್ತದೆ. ನೀರಿನೊಳಗಿನ ಹೈಡ್ರೋಜನ್ ಪರಮಾಣುಗಳು ಕಾಂತಕ್ಷೇತ್ರದಲ್ಲಿ ಕೊಡುವ ಸಂಕೇತವೇ ಚಿತ್ರವಾಗುತ್ತದೆ. ನರತಂತುವಿನ ಸುತ್ತ ಸುರುಳಿಯಾಗಿ ಸುತ್ತಿಕೊಂಡ ಮಯಲಿನ್ ಎಂಬ ಕೊಬ್ಬಿನ ಪದರ ಗಟ್ಟಿಯಾಗಿದ್ದರೆ ಅಲ್ಲಿ ನೀರು ಕಡಿಮೆ, ಟಿ2 ಚಿತ್ರ ಕಪ್ಪು. ಆ ಪದರವೇ ನಾಶವಾದರೂ ನೀರು ಹೆಚ್ಚುತ್ತದೆ. ಪದರ ಇದ್ದೂ ಅದರ ಸುತ್ತುಗಳ ನಡುವೆ ನೀರು ತುಂಬಿಕೊಂಡರೂ ನೀರು ಹೆಚ್ಚುತ್ತದೆ. ಎರಡೂ ಫಿಲ್ಮಿನಲ್ಲಿ ಬಿಳಿ. ಮೆಟಾಕ್ರೊಮ್ಯಾಟಿಕ್ ಲ್ಯುಕೋಡಿಸ್ಟ್ರೊಫಿಯಂಥ ಕ್ರೂರ ರೋಗದಲ್ಲಿ ನಡೆಯುವುದು ಮೊದಲನೆಯದು. ಎಂಎಲ್‌ಸಿಯಲ್ಲಿ ನಡೆಯುವುದು ಎರಡನೆಯದು. ಎಂಎಲ್‌ಸಿ1 ಎಂಬ ಜೀನು 2001ರಲ್ಲಿ ಪತ್ತೆಯಾದ ಮೇಲೆ ಇದರ ಚಿತ್ರಣ ತಿಳಿಯಾಯಿತು. ಆ ಜೀನಿನ ಪ್ರೋಟೀನು ಇರುವುದು ನರಕೋಶಗಳಿಗೆ ಆಸರೆಯಾದ ಆಸ್ಟ್ರೋಸೈಟ್ ಕೋಶಗಳಲ್ಲಿ, ರಕ್ತನಾಳವನ್ನು ತಬ್ಬಿಕೊಂಡ ಅವುಗಳ ಪಾದಗಳಲ್ಲಿ. ಮೆದುಳಿನೊಳಗೆ ಉಪ್ಪಿನಂಶವೂ ನೀರೂ ಹದವಾಗಿರುವಂತೆ ನೋಡಿಕೊಳ್ಳುವುದರಲ್ಲಿ ಅದಕ್ಕೆ ಪಾತ್ರವಿದೆ. ಅದು ಕೆಟ್ಟರೆ ಬಿಳಿ ಭಾಗದಲ್ಲಿ ನೀರು ನಿಂತುಬಿಡುತ್ತದೆ. ಮಳೆಗಾಲದಲ್ಲಿ ಮುಂಬೈಯ ಹಳೇ ಕಟ್ಟಡದ ಗೋಡೆ ಒಳಗೊಳಗೇ ನೀರು ಕುಡಿದು ಉಬ್ಬಿ ಬಣ್ಣ ಕಳಚಿದರೂ, ಗೋಡೆಯೊಳಗಿನ ವೈರಿನಲ್ಲಿ ಕರೆಂಟು ಹರಿದು ದೀಪ ಉರಿಯುತ್ತಲೇ ಇರುವುದುಂಟು. ಇಲ್ಲಿಯೂ ನರತಂತುಗಳು ಬಹುಕಾಲ ಸಂದೇಶ ಒಯ್ಯುತ್ತಲೇ ಇರುತ್ತವೆ. ಚಿತ್ರ ತೋರಿಸುವುದು ನೀರನ್ನು. ತಂತುವಿನ ದುಡಿಮೆ ಆ ಚಿತ್ರದಲ್ಲಿ ಬೀಳುವುದೇ ಇಲ್ಲ.

ವಯಸ್ಕರ ಚಿತ್ರಕ್ಕೆ ಬಂದಾಗ ಗೊಂದಲ ಇನ್ನೂ ಹೆಚ್ಚುತ್ತದೆ. ಚಿಕ್ಕಂದಿನಲ್ಲಿ ಊದಿದ್ದ ಬಿಳಿ ಭಾಗ ವಯಸ್ಸಾದಂತೆ ಇಳಿಯುತ್ತದೆ. ಮಡಿಕೆಗಳ ನಡುವಿನ ಕಾಲುವೆಗಳು ಮತ್ತೆ ಕಾಣಿಸುತ್ತವೆ, ನಡುವಿನ ದ್ರವದ ಕೋಣೆಗಳು ಅಗಲವಾಗುತ್ತವೆ, ಗುಳ್ಳೆಗಳು ದೊಡ್ಡದಾಗಬಹುದು. ಹತ್ತು ವರ್ಷದ ಹಿಂದಿನ ರಿಪೋರ್ಟು ಪಕ್ಕದಲ್ಲಿಟ್ಟುಕೊಂಡು ನೋಡಿದ ಮನೆಯವರಿಗೆ ಊತ ಕಡಿಮೆಯಾಗಿದೆ ಎಂಬ ಸಾಲು ಸಂತೋಷ ಕೊಡುತ್ತದೆ. ನಿಜದಲ್ಲಿ ಅದು ಬಿಳಿ ಭಾಗ ಸವೆದು ತೆಳುವಾಗಿರುವುದರ ಲಕ್ಷಣ. ಇನ್ನೊಂದು ಗುಂಪಿನ ರೋಗಿಗಳಲ್ಲಿ ಇದರ ಅರ್ಥವೇ ಬೇರೆ. 2011ರಲ್ಲಿ ಗ್ಲಿಯಾಲ್‌ಕ್ಯಾಮ್ ಎಂಬ ಎರಡನೆಯ ಜೀನು ಸಿಕ್ಕಿತು. ಅದರ ಎರಡು ಪ್ರತಿಗಳೂ ಕೆಟ್ಟರೆ ರೋಗ ಮಾಮೂಲಿ ಹಾದಿ ಹಿಡಿಯುತ್ತದೆ. ಒಂದು ಪ್ರತಿಯಲ್ಲಿ ಮಾತ್ರ ಕೆಲವು ಬಗೆಯ ದೋಷವಿದ್ದರೆ ಮೊದಲ ವರ್ಷಗಳಲ್ಲಿ ಅದೇ ಭಯಾನಕ ಚಿತ್ರ ಕಾಣಿಸಿಕೊಂಡು, ಆಮೇಲೆ ಬಿಳುಪು ಇಳಿದು ಮೆದುಳು ಬಹುಮಟ್ಟಿಗೆ ಸಹಜ ರೂಪಕ್ಕೆ ಬರುತ್ತದೆ. ಆ ಮಕ್ಕಳ ನಡಿಗೆಯೂ ಸುಧಾರಿಸುತ್ತದೆ. 2018ರಲ್ಲಿ 200ಕ್ಕೂ ಹೆಚ್ಚು ರೋಗಿಗಳನ್ನು ಒಟ್ಟಿಗೆ ನೋಡಿದ ಅಧ್ಯಯನವೂ ಈ ಎರಡು ಹಾದಿಗಳನ್ನು ಬೇರೆಬೇರೆಯಾಗಿ ಗುರುತಿಸಿತು. ಅಂದರೆ ಊತ ಇಳಿಯುವ ಒಂದೇ ಬದಲಾವಣೆ ಒಬ್ಬರಲ್ಲಿ ಸವೆತ, ಇನ್ನೊಬ್ಬರಲ್ಲಿ ಚೇತರಿಕೆ. ವರ್ಷಗಳು ಕಳೆದ ಮೇಲೆ ಪಳಗಿದ ಕಣ್ಣು ಇವೆರಡನ್ನು ಬೇರ್ಪಡಿಸಬಹುದು, ನಿಜ. ಆದರೆ ಒಂದು ವರ್ಷದ ಕೂಸಿನ ಮೊದಲ ಚಿತ್ರವನ್ನು ಹಿಡಿದು ಈ ಮಗು ಯಾವ ಹಾದಿ ಹಿಡಿಯುತ್ತದೆಂದು ಹೇಳಲು ಅಲ್ಲಿ ಆಧಾರವಿಲ್ಲ. ತಾಯಿಗೆ ಕೊನೆಯ ಮಾತು ಹೇಳಿಬಿಡಬಾರದ ದಿನ ಅದೇ.

ಈ ವಾದಕ್ಕೆ ಮುಂಬೈ ಕೊಟ್ಟ ಸಾಕ್ಷ್ಯವೇ ಎಲ್ಲಕ್ಕಿಂತ ಗಟ್ಟಿ ಎನ್ನುವುದು ನನ್ನ ಅಭಿಪ್ರಾಯ. ಬೇರೆ ದೇಶಗಳ ರೋಗಿಗಳಲ್ಲಿ ಎಂಎಲ್‌ಸಿ1 ಜೀನಿನ ದೋಷಗಳು ಹತ್ತಾರು ಬಗೆಯವು. ಹಾಗಾಗಿ ಒಬ್ಬ ನಡೆಯುತ್ತಾನೆ, ಇನ್ನೊಬ್ಬ ನಡೆಯುವುದಿಲ್ಲ ಎಂದರೆ ದೋಷದ ಬಗೆ ಬೇರೆಯಿರಬೇಕು ಎಂದು ಸಮಾಧಾನ ಹೇಳಬಹುದು. ಸಿಂಘಾಲ್ ಮತ್ತು ಅಮೆರಿಕದ ಸಂಶೋಧಕರು ಸೇರಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಅಗರ್ವಾಲ್ ರೋಗಿಗಳಲ್ಲಿ ಒಂದೇ ದೋಷ ಕಂಡುಬಂತು. ಜೀನಿನ ಆರಂಭದ ಭಾಗದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಾಗಿ ಸೇರಿ, ಮುಂದಿನ ಓದೆಲ್ಲ ತಪ್ಪಿಹೋಗಿತ್ತು. ಯಾವುದೋ ಹಳೆಯ ಕಾಲದ ಒಬ್ಬ ಪೂರ್ವಜರಿಂದ ಅದು ಸಮುದಾಯದೊಳಗೆ ಹರಿದುಬಂದಿದೆ. ಹೀಗೆ ಒಂದೇ ದೋಷ, ಒಂದೇ ಬಗೆಯ ಫಿಲ್ಮು ಇದ್ದೂ ಬದುಕುಗಳು ಒಂದೇ ಥರ ಸಾಗಲಿಲ್ಲ. ಒಂದೇ ಮನೆಯ ಒಡಹುಟ್ಟಿದವರ ನಡುವೆಯೂ ರೋಗದ ತೀವ್ರತೆ ಬೇರೆಬೇರೆಯಾಗಿರುವುದುಂಟು. ಜೀನು ಮತ್ತು ಚಿತ್ರ ಎರಡೂ ಸಮನಾಗಿದ್ದಾಗಲೂ ಫಲ ಸಮನಾಗಿಲ್ಲವೆಂದರೆ, ಆ ಎರಡರಿಂದ ಫಲವನ್ನು ಮೊದಲೇ ಹೇಳಿಬಿಡುವ ಹಕ್ಕು ಯಾರಿಗೂ ಇಲ್ಲ.

ಇದಕ್ಕೆ ವೈದ್ಯರ ಕಡೆಯಿಂದ ಬರುವ ಮೊದಲ ಆಕ್ಷೇಪ ಗೌರವಿಸಬೇಕಾದದ್ದು. ಸುಳ್ಳು ಭರವಸೆ ಕೊಡುವುದಕ್ಕಿಂತ ಕೆಟ್ಟದ್ದಕ್ಕೆ ಮನೆಯವರನ್ನು ಸಿದ್ಧಗೊಳಿಸುವುದೇ ಮೇಲಲ್ಲವೇ ಎಂದು ಅವರು ಕೇಳುತ್ತಾರೆ. ಬಿಳಿ ಭಾಗದ ಎಷ್ಟೋ ರೋಗಗಳು ಕೆಲವೇ ವರ್ಷಗಳಲ್ಲಿ ಮಗುವನ್ನು ಕಸಿದುಕೊಳ್ಳುತ್ತವೆ, ಆದ್ದರಿಂದ ಲ್ಯುಕೋಡಿಸ್ಟ್ರೊಫಿ ಎಂಬ ಶಬ್ದ ರಿಪೋರ್ಟಿನಲ್ಲಿ ಕಂಡೊಡನೆ ವೈದ್ಯರ ಎದೆ ಭಾರವಾಗುವುದು ಸಹಜ. ಆದರೆ ಕೆಟ್ಟದ್ದಕ್ಕೆ ಸಿದ್ಧಗೊಳಿಸುವುದೂ ಒಂದು ನಿರ್ಧಾರವೇ. ಅದರ ಬೆಲೆಯನ್ನು ಮಗು ತೆರುತ್ತದೆ. ಹೇಗೂ ಹೋಗುವ ಮಗು ಎಂದು ಶಾಲೆ ಬಿಡಿಸುತ್ತಾರೆ, ಫಿಸಿಯೋಥೆರಪಿ ನಿಲ್ಲಿಸುತ್ತಾರೆ, ಅಕ್ಷರ ಕಲಿಸುವ ಗೋಜಿಗೆ ಹೋಗುವುದಿಲ್ಲ. ಇಪ್ಪತ್ತೈದು ವರ್ಷ ಕಳೆದ ಮೇಲೆ ಆ ವ್ಯಕ್ತಿ ನಡೆಯಬಲ್ಲ, ಮಾತಾಡಬಲ್ಲ, ಆದರೆ ಯಾವ ಕೆಲಸಕ್ಕೂ ತಯಾರಿಲ್ಲದೆ ಮನೆಯೊಳಗೆ ಕುಳಿತಿರುತ್ತಾನೆ. ಪ್ರಾಮಾಣಿಕವಾಗಿ ಹೇಳಬೇಕಾದ ಮಾತು ಹೀಗಿರಬಹುದು: ರೋಗ ಗುಣವಾಗುವುದಿಲ್ಲ, ನಡಿಗೆ ನಿಧಾನವಾಗಿ ಕಷ್ಟವಾಗಬಹುದು, ಆದರೆ ಮುಂದೆ ಹಲವು ದಶಕಗಳಿರಬಹುದು, ಅದಕ್ಕೆ ತಕ್ಕಂತೆ ಓದಿಸಿ. ಇದು ಸುಳ್ಳು ಭರವಸೆಯಲ್ಲ. ಕೆಟ್ಟದ್ದನ್ನಷ್ಟೇ ಹೇಳಿದಾಗ ಸತ್ಯದ ಅರ್ಧ ಭಾಗ ಬಿಟ್ಟುಹೋಗಿರುತ್ತದೆ.

ತಂತ್ರಜ್ಞಾನದ ಮೇಲೆ ನಂಬಿಕೆ ಇಟ್ಟವರು ಬೇರೆ ಮಾತು ಹೇಳುತ್ತಾರೆ. ಈಗಿನ ಯಂತ್ರ ಹೇಳದಿದ್ದರೇನಂತೆ, ನೀರಿನ ಚಲನೆಯನ್ನೂ ಮೆದುಳಿನ ರಾಸಾಯನಿಕಗಳನ್ನೂ ಲೆಕ್ಕಹಾಕುವ ಹೊಸ ವಿಧಾನಗಳು ನಾಳೆ ಹೇಳುತ್ತವೆ ಎನ್ನುವುದು ಅವರ ವಾದ. ಹೇಳಲಿ. ಹೊಸ ಔಷಧ ಬಂದಾಗ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಲು ಇಂಥ ಅಳತೆಗಳು ಬೇಕೇ ಬೇಕು. ಎಂಎಲ್‌ಸಿ1 ಜೀನಿಲ್ಲದ ಇಲಿಗಳಿಗೆ ಸರಿಯಾದ ಜೀನನ್ನು ವೈರಸ್ ಮೂಲಕ ಸೇರಿಸಿ ಮಯಲಿನ್ನಿನ ನೀರ್ಗುಳ್ಳೆಗಳು ಕಡಿಮೆಯಾದದ್ದನ್ನು ಬಾರ್ಸಿಲೋನಾದ ಸಂಶೋಧಕರು ತೋರಿಸಿದ್ದಾರೆ. 2023ರಲ್ಲಿ ಈ ರೋಗಕ್ಕೆ ಸಂಬಂಧಿಸಿದ ಇನ್ನೆರಡು ಜೀನುಗಳೂ ಪತ್ತೆಯಾಗಿವೆ. ಆದರೆ ನಾಳೆಯ ಯಂತ್ರದ ಹೆಸರಿನಲ್ಲಿ ಇಂದಿನ ಯಂತ್ರಕ್ಕೆ ಇಲ್ಲದ ಅಧಿಕಾರ ಕೊಡಲಾಗದು. ಅಂಧೇರಿಯಿಂದ ಡೊಂಬಿವಲಿವರೆಗೆ ಸ್ಟೇಷನ್ನಿಗೊಂದು ಸ್ಕ್ಯಾನ್ ಸೆಂಟರ್ ಇರುವಂತಾಗಿದೆ. ರೋಗ ಖಚಿತವಾದ ಮೇಲೂ ಪ್ರತಿ ವರ್ಷ ಸಾವಿರಾರು ರೂಪಾಯಿ ಕೊಟ್ಟು ಅದೇ ಮೆದುಳಿನ ಅದೇ ಬಿಳುಪನ್ನು ಮತ್ತೆ ತೆಗೆಸಿಕೊಳ್ಳುವುದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಹೊಸ ಲಕ್ಷಣ ಕಂಡಾಗ, ತಲೆಗೆ ಪೆಟ್ಟು ಬಿದ್ದಾಗ ಸ್ಕ್ಯಾನ್ ಬೇಕು. ಉಳಿದಂತೆ ಆ ಹಣ ಫಿಟ್ಸಿನ ಮಾತ್ರೆಗೆ, ಫಿಸಿಯೋಥೆರಪಿಗೆ ಹೋಗಲಿ.

ತಲೆಗೆ ಬೀಳುವ ಪೆಟ್ಟಿನ ಮಾತು ಬಂದಿದ್ದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ಎಂಎಲ್‌ಸಿ ಇದ್ದವರಿಗೆ ಬೇರೆಯವರು ತಲೆ ಸವರಿಕೊಂಡು ಮರೆತುಬಿಡುವಂಥ ಸಣ್ಣ ಪೆಟ್ಟೂ ಅಪಾಯ. ಅಷ್ಟಕ್ಕೇ ಫಿಟ್ಸ್ ಶುರುವಾಗಬಹುದು, ಗಂಟೆಗಟ್ಟಲೆ ಅಥವಾ ದಿನಗಟ್ಟಲೆ ಪ್ರಜ್ಞೆ ತಪ್ಪಬಹುದು, ನಡಿಗೆ ಕೆಲಕಾಲ ಹಿಂದಕ್ಕೆ ಬೀಳಬಹುದು. ಬೆಳಿಗ್ಗೆ ದಾದರಿನಲ್ಲಿ ಇಳಿಯುವವರ ಮತ್ತು ಹತ್ತುವವರ ನಡುವೆ ಸಿಕ್ಕಿ, ಸಮತೋಲ ಕಡಿಮೆಯಿರುವ ಒಬ್ಬ ವಯಸ್ಕ ಡಬ್ಬಿಯ ನಡುಕಂಬಕ್ಕೆ ತಲೆ ಬಡಿಸಿಕೊಳ್ಳುವುದು ಎಷ್ಟು ಸುಲಭ! ಆತನಿಗೆ ಅಂಗವಿಕಲರ ಡಬ್ಬಿಯಲ್ಲಿ ಹತ್ತುವ ಹಕ್ಕು ಬೇಕು, ಜನದಟ್ಟಣೆಯ ಸಮಯ ತಪ್ಪಿಸುವ ಕೆಲಸದ ವೇಳೆ ಬೇಕು, ಮನೆಯ ಬಚ್ಚಲಿನಲ್ಲಿ ಹಿಡಿಗಂಬಿ ಬೇಕು, ಕೆಲವೊಮ್ಮೆ ಹೆಲ್ಮೆಟ್ಟೂ ಬೇಕು. ನೋಡಲು ಚೆನ್ನಾಗಿಯೇ ಇದ್ದೀಯಲ್ಲ ಎಂದು ಆ ಡಬ್ಬಿಯಿಂದ ಇಳಿಸುವವರು ಒಂದು ಕಡೆ, ಫಿಲ್ಮು ನೋಡಿ ಕೆಲಸ ಕೊಡಲಾಗದು ಎನ್ನುವವರು ಇನ್ನೊಂದು ಕಡೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳಲ್ಲಿ ದೀರ್ಘಕಾಲದ ನರರೋಗಗಳನ್ನೂ ಸೇರಿಸಿದೆ. ಅಲ್ಲಿ ಎಣಿಕೆಗೆ ಬರಬೇಕಾದದ್ದು ವ್ಯಕ್ತಿಗೆ ಏನು ಮಾಡಲು ಆಗುತ್ತದೆ, ಏನು ಆಗುವುದಿಲ್ಲ ಎಂಬುದು. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಪರೇಲಿನ ಕೆಇಎಂ ಆಸ್ಪತ್ರೆ ಒಂದು ಉನ್ನತ ಕೇಂದ್ರ. ಆದರೆ ನೀತಿಯ ಹಣದ ಮಾತೆಲ್ಲ ಔಷಧವಿರುವ ರೋಗಗಳ ಸುತ್ತ ತಿರುಗುತ್ತದೆ. ಔಷಧವೇ ಇಲ್ಲದ ರೋಗವಿದ್ದವರಿಗೆ ಬೇಕಾದ ಹಿಡಿಗಂಬಿ, ವ್ಯಾಯಾಮ, ಕೆಲಸದ ತರಬೇತಿಗಳೂ ಚಿಕಿತ್ಸೆಯೇ ಎಂದು ಅದು ಒಪ್ಪಿಕೊಳ್ಳಬೇಕು.

ಯಂತ್ರಕ್ಕಿಂತ ರೋಗಿಯನ್ನು ಮೊದಲು ನೋಡುವುದು ಮುಂಬೈಗೆ ಹೊಸದೇನಲ್ಲ. ಬೈಕುಲ್ಲಾದ ಜೆಜೆ ಆಸ್ಪತ್ರೆಯ ನೋಶಿರ್ ವಾಡಿಯಾ ಮತ್ತು ಅವರ ಸಹೋದ್ಯೋಗಿ ಸ್ವಾಮಿ 1971ರಲ್ಲಿ ಒಂಬತ್ತು ಕುಟುಂಬಗಳಲ್ಲಿ ಹರಿದುಬಂದ, ವಯಸ್ಕರನ್ನು ಕಾಡುವ ಇನ್ನೊಂದು ನರರೋಗವನ್ನು ವರ್ಣಿಸಿದರು. ಕುಡಿದವರಂತೆ ವಾಲುವ ನಡಿಗೆ ಬೇರೆ ರೋಗಗಳಲ್ಲೂ ಇರುತ್ತದೆ. ವಾಡಿಯಾ ಗಮನಿಸಿದ್ದು ಕಣ್ಣನ್ನು. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಛಕ್ಕನೆ ಹೊರಳಬೇಕಾದ ಕಣ್ಣು ಇವರಲ್ಲಿ ತೆವಳಿಕೊಂಡು ಹೋಗುತ್ತಿತ್ತು. ಲಂಡನ್ನಿನಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆದದ್ದೂ ಅದೇ 1971ರ ಅಕ್ಟೋಬರಿನಲ್ಲಿ. ಅಂದರೆ ಇಂಥ ಸ್ಕ್ಯಾನ್ ಇನ್ನೂ ಭಾರತಕ್ಕೆ ಬಂದಿರಲಿಲ್ಲ. 1996ರಲ್ಲಿ ಜೀನು ಪತ್ತೆಯಾದ ಮೇಲೆ ಎಸ್‌ಸಿಎ2 ಎಂದು ಗಟ್ಟಿಯಾದ ಆ ರೋಗದಲ್ಲಿ ಎಂಆರ್‌ಐ ತೋರಿಸುವ ಕಿರುಮೆದುಳಿನ ಸವೆತಕ್ಕೂ ನಡಿಗೆಯ ಕಷ್ಟಕ್ಕೂ ಹೆಚ್ಚು ತಾಳೆಯಿದೆ. ಒಂದು ರೋಗದಲ್ಲಿ ಚಿತ್ರವೂ ದೇಹವೂ ಜೊತೆಯಾಗಿ ಸಾಗಿದರೆ ಇನ್ನೊಂದರಲ್ಲಿ ಸಾಗುವುದಿಲ್ಲ. ಯಾವ ರೋಗದಲ್ಲಿ ಚಿತ್ರವನ್ನು ಎಷ್ಟು ನಂಬಬೇಕೆಂದು ಒಂದೊಂದಾಗಿ ಕಲಿಯದೆ ದಾರಿಯಿಲ್ಲ.

ಉಳಿದದ್ದು ಸಮುದಾಯದ ಪ್ರಶ್ನೆ. ಒಂದು ಜಾತಿಯ ಹೆಸರು ಹಿಡಿದು ರೋಗದ ಮಾತಾಡಿದರೆ ಆ ಮನೆಗಳಿಗೆ ಕಳಂಕ ಅಂಟುತ್ತದೆ ಎಂಬ ಅಂಜಿಕೆ ಇದೆ, ಅದು ಸುಳ್ಳಲ್ಲ. ಆದರೆ ಮುಚ್ಚಿಡುವುದರಿಂದ ಯಾರಿಗೂ ಒಳಿತಾಗಿಲ್ಲ. ಅಗರ್ವಾಲರು ಸ್ವಗೋತ್ರದಲ್ಲಿ ಮದುವೆಯಾಗುವುದಿಲ್ಲ, ಸೋದರಿಕೆ ಸಂಬಂಧವನ್ನೂ ದೂರ ಇಡುತ್ತಾರೆ. ಹಾಗಿದ್ದರೂ ರೋಗ ಬಂದದ್ದು ಸಮುದಾಯದ ಒಳಗೇ ತಲೆಮಾರುಗಳಿಂದ ಮದುವೆಗಳು ನಡೆದಿದ್ದರಿಂದ. ಇದರಲ್ಲಿ ಯಾರ ತಪ್ಪೂ ಇಲ್ಲ. ಕನ್ನಡಿಗರಾದ ನಾವು ಇದನ್ನು ಪರರ ಸುದ್ದಿಯಂತೆ ಓದಬೇಕಿಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಬಲವಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ಕಾಲುಭಾಗಕ್ಕೂ ಮೀರಿ ರಕ್ತಸಂಬಂಧದ ಮದುವೆಗಳನ್ನು ಗುರುತಿಸಿದೆ. ಅಂಥ ಮದುವೆಗಳಲ್ಲಿ ನಮ್ಮವೇ ಅಪರೂಪದ ರೋಗಗಳು ಹೊರಬರುತ್ತವೆ, ಆದರೆ ಅವುಗಳಿಗೆ ಹೀಗೆ ಒಂದೇ ಪರೀಕ್ಷೆಯ ಅನುಕೂಲ ಸಿಗುವುದು ಕಷ್ಟ. ಅಗರ್ವಾಲರಿಗೆ ಆ ಅನುಕೂಲ ಇದೆ. ಒಂದೇ ಅಕ್ಷರದ ದೋಷ ಹುಡುಕುವ ಪರೀಕ್ಷೆ ಸರಳ. ಅಮೆರಿಕದ ಯಹೂದಿ ಸಮುದಾಯ 1971ರಿಂದಲೇ ಟೇ-ಸ್ಯಾಕ್ಸ್ ರೋಗಕ್ಕೆ ತಪಾಸಣೆ ಶುರುಮಾಡಿ ಆ ರೋಗವಿರುವ ಮಕ್ಕಳ ಹುಟ್ಟನ್ನು ಬಹಳ ಕಡಿಮೆ ಮಾಡಿತು. ಉಲ್ಲಾಸನಗರದ ಸಿಂಧಿಗಳಿಗೆ ಥಲಸ್ಸೇಮಿಯಾ ತಪಾಸಣೆ ಅಪರಿಚಿತವಲ್ಲ.

ಮುಂಬೈಯ ಇಂಥ ಮನೆಗಳಲ್ಲಿ ಈಗ ಎದ್ದಿರುವ ಪ್ರಶ್ನೆ ರೋಗವಿರುವವರದಷ್ಟೇ ಅಲ್ಲ, ಅವರ ಆರೋಗ್ಯವಂತ ಅಣ್ಣತಂಗಿಯರದ್ದೂ ಹೌದು. ಮದುವೆಯ ಮಾತು ಬಂದಾಗ ಅವರನ್ನೂ ಎಂಆರ್‌ಐಗೆ ಕಳುಹಿಸಿ, ಫಿಲ್ಮು ಸ್ವಚ್ಛವಿದೆಯೆಂದು ಬೀಗರಿಗೆ ತೋರಿಸುವ ಆಸೆ ಮನೆಯವರಿಗೆ ಆಗುವುದು ಸಹಜ. ಎಂಎಲ್‌ಸಿ1 ದೋಷದ ಒಂದೇ ಪ್ರತಿ ಹೊತ್ತವರ ಮೆದುಳು ಆರೋಗ್ಯವಾಗಿಯೇ ಇರುತ್ತದೆ, ಫಿಲ್ಮು ಸ್ವಚ್ಛವಾಗಿಯೇ ಬರುತ್ತದೆ. ಆದರೂ ರೋಗಿಯ ಆರೋಗ್ಯವಂತ ಒಡಹುಟ್ಟಿದವರು ಮೂವರಲ್ಲಿ ಇಬ್ಬರ ಲೆಕ್ಕದಲ್ಲಿ ಆ ದೋಷವನ್ನು ಹೊತ್ತಿರುವ ಸಾಧ್ಯತೆ ಇದೆ. ವಧು-ವರ ಇಬ್ಬರೂ ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರೇ ಹೊತ್ತಿದ್ದರೆ ಮಗುವಿಗೆ ಈ ರೋಗ ಬರುವ ಭಯವಿಲ್ಲ, ಮದುವೆ ಮುರಿಯಲು ಕಾರಣವೂ ಇಲ್ಲ. ಇಬ್ಬರೂ ಹೊತ್ತಿದ್ದರೂ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲಿ ಪರೀಕ್ಷೆ ಮಾಡಿಸಿಕೊಳ್ಳುವ ದಾರಿಯಿದೆ. ಇದನ್ನೆಲ್ಲ ತಿಳಿಯಲು ಬೇಕಾದದ್ದು ತೋಳಿನಿಂದ ತೆಗೆದ ಸ್ವಲ್ಪ ರಕ್ತ ಮತ್ತು ಬಂದ ಫಲಿತಾಂಶವನ್ನು ಮನೆಯವರಿಗೆ ಅವರ ಮಾತಿನಲ್ಲಿ ಕುಳಿತು ವಿವರಿಸುವ ಒಬ್ಬ ವಂಶವಾಹಿ ಸಲಹೆಗಾರ. ನಗರದಲ್ಲಿ ಕೊರತೆಯಿರುವುದು ಸ್ಕ್ಯಾನ್ ಸೆಂಟರುಗಳದ್ದಲ್ಲ, ಇಂಥ ಸಲಹೆಗಾರರದು, ಮುಂದಿನ ಹಣ ಅಲ್ಲಿಗೆ ಹೋಗಬೇಕು.